ಅಚ್ಚು ಒಂದೇ, ಬಳ್ಳಿ ಒಂದೇನಾ?

ನಮ್ಮ ಹಲಸಿನ ಬೀಜದಲ್ಲಿರುವ ಒಂದು ಪ್ರೋಟೀನಿಗೆ ಒಂದು ವಿಳಾಸ ಇದೆ: 2.100.10.30. ಕೋಳಿಮೊಟ್ಟೆಯ ಹಳದಿ ಭಾಗವನ್ನು ಸುತ್ತಿಕೊಂಡಿರುವ ತೆಳು ಪೊರೆಯಲ್ಲಿ ಇನ್ನೊಂದು ಪ್ರೋಟೀನ್ ಇದೆ. ಅದರ ವಿಳಾಸ 2.100.10.20. ಬಿಟಿ ಹತ್ತಿಯ ಹೆಸರು ಕೇಳಿರುತ್ತೀರಿ. ಆ ಬಿಟಿ ಅನ್ನೋ ಬ್ಯಾಕ್ಟೀರಿಯಾ ಮಾಡುವ, ಹುಳುಗಳನ್ನು ಕೊಲ್ಲುವ ಪ್ರೋಟೀನಿನ ನಡುಭಾಗದ ವಿಳಾಸ 2.100.10.10.

ಮೂರನೇ ಅಂಕಿಯ ತನಕ ಮೂರೂ ಒಂದೇ. ಊರು ಒಂದೇ, ಕೇರಿ ಒಂದೇ, ಬೀದಿಯೂ ಒಂದೇ. ಮನೆ ಮಾತ್ರ ಬೇರೆ ಬೇರೆ. ಈ ಮೂರನೇ ಅಂಕಿಯ ಹೆಸರು ಟೊಪಾಲಜಿ, ಅಂದರೆ ಪ್ರೋಟೀನ್ ಮಡಚಿಕೊಂಡ ಕ್ರಮ. ನಾಲ್ಕನೆಯದು ಹೊಮಾಲಜಿಯದ್ದು, ಅಂದರೆ ಒಂದೇ ಮೂಲದಿಂದ ಬಂದ ನಂಟಿನದ್ದು. ಪ್ರೋಟೀನುಗಳನ್ನು ಹೀಗೆ ವಿಂಗಡಿಸಿ ನಂಬರ್ ಕೊಡುವ ಪಟ್ಟಿಗೆ ಕ್ಯಾಥ್ ಅನ್ನುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕ್ರಿಸ್ಟೀನ್ ಒರೆಂಗೊ, ಜಾನೆಟ್ ಥಾರ್ನ್‌ಟನ್ ಮತ್ತು ಅವರ ಜೊತೆಯವರು 1990ರ ದಶಕದಲ್ಲಿ ಕಟ್ಟಿದ್ದು ಅದು. ಮೂರನೇ ಅಂಕಿಗೂ ನಾಲ್ಕನೇ ಅಂಕಿಗೂ ನಡುವೆ ಇರುವುದು ಒಂದು ಚುಕ್ಕಿ ಅಷ್ಟೆ. ಆ ಚುಕ್ಕಿ ದಾಟಲು ನನಗೆ ಎಷ್ಟೋ ವರ್ಷ ಬೇಕಾಯಿತು.

ಎಂಎಸ್ಸಿ ಮುಗಿಸಿ ಬೆಂಗಳೂರಿನ ಒಂದು ಲ್ಯಾಬಿಗೆ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿದ ಹೊಸತು. ಗುರುವಾರದ ಗ್ರೂಪ್ ಮೀಟಿಂಗಿನಲ್ಲಿ ನನ್ನ ಮೊದಲ ಸರದಿ. ಎರಡು ಪ್ರೋಟೀನುಗಳನ್ನು ಪಕ್ಕಪಕ್ಕ ಇಟ್ಟ ಸ್ಲೈಡ್ ತೋರಿಸಿ, ಇವೆರಡರ ನಡುವೆ ಶೇಕಡಾ 40 ಹೊಮಾಲಜಿ ಇದೆ ಅಂದೆ. ಮೇಡಂ ಕೈ ಎತ್ತಿ ನಿಲ್ಲಿಸಿದರು. ಅಲ್ಲಿಯ ತನಕ ಇಂಗ್ಲಿಷಿನಲ್ಲಿ ನಡೀತಿದ್ದ ಮಾತನ್ನು ಬಿಟ್ಟು ಮೆಲ್ಲಗೆ ಕನ್ನಡದಲ್ಲಿ ಕೇಳಿದರು.

"ನಿನಗೆ ಅಕ್ಕ ಇದಾರೇನಮ್ಮ?"

"ಇದಾರೆ ಮೇಡಂ."

"ಅವರು ನಿನಗೆ ಶೇಕಡಾ ಎಷ್ಟು ಅಕ್ಕ?"

ನನಗೆ ಏನು ಹೇಳಬೇಕೋ ತೋಚಲಿಲ್ಲ. "ಮುಖ ಶೇಕಡಾ 40 ಹೋಲಬಹುದು. ಆದ್ರೆ ಅಕ್ಕ ಅಂದ್ರೆ ಅಕ್ಕ, ಅಲ್ಲ ಅಂದ್ರೆ ಅಲ್ಲ. ಹೋಲಿಕೆಗೆ ಲೆಕ್ಕ ಉಂಟು, ನಂಟಿಗೆ ಲೆಕ್ಕ ಇಲ್ಲ. ಶೇಕಡಾ 40 ಐಡೆಂಟಿಟಿ ಅಂತ ತಿದ್ದು" ಅಂದರು. ತಿದ್ದಿದೆ. ಐಡೆಂಟಿಟಿ ಅಂದರೆ ಎರಡರಲ್ಲೂ ತದ್ರೂಪವಾಗಿರುವ ಪಾಲು. ಬೈದಿರಲಿಲ್ಲ ಅವರು. ಆದರೂ ಆ ಪ್ರಶ್ನೆ ಮನಸ್ಸಿನಲ್ಲಿ ಕೂತುಬಿಟ್ಟಿತು. ಆಮೇಲೆ ಗೊತ್ತಾಯಿತು, ಈ ತಪ್ಪು ಎಷ್ಟು ಹಬ್ಬಿತ್ತು ಅಂದರೆ 1987ರಲ್ಲಿ ಹನ್ನೊಂದು ಮಂದಿ ದೊಡ್ಡ ವಿಜ್ಞಾನಿಗಳು ಸೇರಿ ಸೆಲ್ ಪತ್ರಿಕೆಗೆ ಒಂದು ಪತ್ರ ಬರೆದಿದ್ದರು. ಹೋಲಿಕೆ ಅನ್ನಬೇಕಾದ ಕಡೆ ಹೊಮಾಲಜಿ ಅನ್ನಬೇಡಿ ಅಂತ. ಇವತ್ತಿಗೂ ಆ ಮಾತನ್ನು ಮತ್ತೆ ಮತ್ತೆ ಹೇಳಬೇಕಾಗಿದೆ.

ಹೊಮಾಲಜಿ ಹೋಲಿಕೆ ಅಲ್ಲ, ಸರಿ. ಹಾಗಾದರೆ ಟೊಪಾಲಜಿ? ಅದು ಹೋಲಿಕೆಯೇ ತಾನೇ? ಹೌದು. ಆದರೆ ಸಾದಾ ಹೋಲಿಕೆ ಅಲ್ಲ. ಇದು ನನಗೆ ಪುಸ್ತಕದಿಂದ ಅರ್ಥವಾಗಲಿಲ್ಲ. ಊರಿಗೆ ಹೋದಾಗ ಅಮ್ಮ ರಂಗೋಲಿ ಹಾಕುವುದನ್ನು ನೋಡುತ್ತಾ ಅರ್ಥವಾಯಿತು.

ಅಮ್ಮ ಹಾಕುವುದು ಎಳೆ ರಂಗೋಲಿ. ಮೊದಲು ಚುಕ್ಕಿ ಇಡುತ್ತಾರೆ. ಆಮೇಲೆ ಎಳೆ. ಎಳೆ ಚುಕ್ಕಿಯನ್ನು ಮುಟ್ಟುವ ಹಾಗಿಲ್ಲ, ಬಳಸಿಕೊಂಡು ಹೋಗಬೇಕು. ಎಲ್ಲೂ ಕೈ ಎತ್ತದೆ, ಹೊರಟ ಜಾಗಕ್ಕೇ ಬಂದು ಸೇರಬೇಕು. ಬಾಗಿಲ ಮುಂದೆ ಬಿದ್ದ ರಂಗೋಲಿ ನೋಡಿದರೆ ನಮಗೆ ಕಾಣುವುದು ಅದರ ಆಕಾರ. ಅಮ್ಮನ ಕೈ ಎಲ್ಲಿಂದ ಹೊರಟು, ಮೊದಲು ಯಾವ ಚುಕ್ಕಿ ಸುತ್ತಿ, ಯಾವುದನ್ನು ಬಿಟ್ಟು, ಎಲ್ಲಿ ತಿರುಗಿತು ಅನ್ನುವುದು ಕಾಣುವುದಿಲ್ಲ. ಅದನ್ನು ತಿಳಿಯಬೇಕಾದರೆ ಎಳೆಯ ಮೇಲೆ ಬೆರಳಿಟ್ಟು ಹಿಂದೆಯೇ ಹೋಗಬೇಕು. ದೂರದಿಂದ ಒಂದೇ ಥರ ಕಾಣುವ ಎರಡು ರಂಗೋಲಿಯಲ್ಲಿ ಕೈ ಹೋದ ದಾರಿ ಬೇರೆ ಬೇರೆ ಇರಬಹುದು.

ಪ್ರೋಟೀನ್ ಅಂದರೂ ಒಂದು ಎಳೆಯೇ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳ ಹಾಗೆ ಒಂದರ ಹಿಂದೆ ಒಂದು ಪೋಣಿಸಿದ ಉದ್ದನೆ ಎಳೆ. ಅದು ತನ್ನಷ್ಟಕ್ಕೆ ಮಡಚಿಕೊಳ್ಳುತ್ತದೆ. ಕೆಲವು ಕಡೆ ಸುರುಳಿ ಸುತ್ತುತ್ತದೆ, ಕೆಲವು ಕಡೆ ನೆಟ್ಟಗೆ ಚಾಚುತ್ತದೆ. ಚಾಚಿದ ತುಂಡುಗಳು ಪಕ್ಕಪಕ್ಕ ಕೂತರೆ ಅದೊಂದು ಹಾಳೆ, ಬೀಟಾ ಹಾಳೆ ಅನ್ನುತ್ತಾರೆ. ಆ ಒಂದೊಂದು ತುಂಡನ್ನೂ ಎಳೆ ಅಂತಲೇ ಕರೆಯುವುದು. ಈಗ ಒಂದು ಹಾಳೆಯಲ್ಲಿ ನಾಲ್ಕು ಎಳೆ ಇವೆ ಅಂದುಕೊಳ್ಳಿ. ಅವು 1-2-3-4 ಅಂತ ಸಾಲಾಗಿ ಕೂರಬಹುದು. ಇಲ್ಲವೇ ಮೂರು ಎಳೆ ಸಾಲಾಗಿ ಕೂತ ಮೇಲೆ ನಾಲ್ಕನೆಯದು ಸುತ್ತಿ ಹಿಂದಕ್ಕೆ ಬಂದು ಒಂದನೆಯದರ ಆ ಕಡೆ ಪಕ್ಕಕ್ಕೆ ಕೂರಬಹುದು. ಆಗ 4-1-2-3. ನೋಡಲು ಎರಡೂ ನಾಲ್ಕು ಎಳೆಯ ಹಾಳೆಯೇ. ದಾರಿ ಮಾತ್ರ ಬೇರೆ. ಈ ಎರಡನೇ ಬಗೆಯದಕ್ಕೆ ಗ್ರೀಕ್ ಕೀ ಅಂತ ಹೆಸರು, ಹಳೆಯ ಗ್ರೀಕ್ ಹೂಜಿಗಳ ಅಂಚಿನ ಚಿತ್ತಾರವನ್ನು ನೆನಪಿಸುವುದರಿಂದ.

ಕ್ಯಾಥ್ ಪಟ್ಟಿಯಲ್ಲಿ ಎರಡನೇ ಅಂಕಿ ನೆಲದ ಮೇಲೆ ಬಿದ್ದ ಆಕಾರದ್ದು. ಮೂರನೆಯದು ಕೈ ಹೋದ ದಾರಿಯದ್ದು. ಟೊಪಾಲಜಿ ಒಂದೇ ಅಂದರೆ ಆಕಾರವೂ ಒಂದೇ, ಎಳೆ ಹೋದ ಕ್ರಮವೂ ಒಂದೇ ಅಂತ ಅರ್ಥ.

ಇದನ್ನು ಜಗತ್ತಿಗೆ ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದವರು ಅಮೆರಿಕದ ಜೇನ್ ರಿಚರ್ಡ್‌ಸನ್. ಅವರನ್ನು ನೆನೆಯದೆ ಈ ವಿಷಯ ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಅವರಿಗೆ ಪಿಎಚ್‌ಡಿ ಇರಲಿಲ್ಲ. ತತ್ವಶಾಸ್ತ್ರ ಓದಿದವರು. ಗಂಡನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುತ್ತಾ ಪ್ರೋಟೀನುಗಳನ್ನು ನೋಡುವುದನ್ನು ಕಲಿತರು. ಬೀಟಾ ಹಾಳೆಗಳ ಟೊಪಾಲಜಿಗೂ ಪ್ರೋಟೀನುಗಳ ನಂಟಿಗೂ ಏನು ಸಂಬಂಧ ಅನ್ನುವುದನ್ನು 1977ರಲ್ಲೇ ನೇಚರ್ ಪತ್ರಿಕೆಯಲ್ಲಿ ಬರೆದರು. 1981ರಲ್ಲಿ ಆಗ ಗೊತ್ತಿದ್ದ ಪ್ರೋಟೀನುಗಳನ್ನೆಲ್ಲ ರಿಬ್ಬನ್ ಮಡಚಿಟ್ಟ ಹಾಗೆ ಕೈಯಾರೆ ಬರೆದು ಪ್ರಕಟಿಸಿದರು. ಇವತ್ತು ಯಾವ ಪಠ್ಯಪುಸ್ತಕ ತೆರೆದರೂ ಕಾಣುವ ಬಾಣ ಮತ್ತು ಸುರುಳಿಯ ಚಿತ್ರಗಳೆಲ್ಲ ಅವರ ಕೈಯಿಂದ ಬಂದ ದಾರಿಯವು. ಅವರ ಚಿತ್ರ ನೋಡಿದರೆ ಎಳೆಯ ಹಿಂದೆ ಬೆರಳು ತಾನಾಗಿ ಹೋಗುತ್ತದೆ.

ಈಗ ಪದಗಳ ಕತೆ. ಎರಡರ ಬಾಲವೂ ಲಾಜಿ ಅಂತ ಇರುವುದರಿಂದ ಎರಡೂ ಒಂದೇ ಜಾತಿಯ ಪದ ಅನ್ನಿಸುತ್ತದೆ. ಹಾಗಲ್ಲ. ಟೊಪಾಲಜಿಯಲ್ಲಿರುವ ಗ್ರೀಕ್ ಪದಕ್ಕೆ ಜಾಗ ಅಂತ ಅರ್ಥ. ಜರ್ಮನಿಯ ಯೋಹಾನ್ ಲಿಸ್ಟಿಂಗ್ 1847ರಲ್ಲಿ ಗಣಿತಕ್ಕಾಗಿ ಅದನ್ನು ಬಳಕೆಗೆ ತಂದರು. ಬಯಾಲಜಿ, ಜಿಯಾಲಜಿಯ ಹಾಗೆ ಅದು ಒಂದು ಓದಿನ ಹೆಸರು. ಹೊಮಾಲಜಿ ಓದಿನ ಹೆಸರಲ್ಲ. ಗ್ರೀಕಿನಲ್ಲಿ ಅದಕ್ಕೆ ಒಪ್ಪುವುದು, ಮಾತು ಒಂದಾಗುವುದು ಅನ್ನುವ ಅರ್ಥ. ಅದೊಂದು ಸಂಬಂಧದ ಹೆಸರು. (ಗಣಿತ ಓದಿದವರು ಇಲ್ಲಿ ತಡೆಯಬಹುದು. ಅವರ ಹೊಮಾಲಜಿ ತೂತುಗಳನ್ನು ಎಣಿಸುವ ವಿದ್ಯೆ, ಟೊಪಾಲಜಿಯ ಒಳಗೇ ಇರುವಂಥದ್ದು. ಅವರ ಟೊಪಾಲಜಿಯ ಕಣ್ಣಿಗೆ ಗಂಟು ಬೀಳದ ಪ್ರೋಟೀನುಗಳೆಲ್ಲ ಒಂದೇ, ಎಳೆದು ನೆಟ್ಟಗೆ ಮಾಡಬಹುದಾದ ದಾರ. ನಾನು ಹೇಳುತ್ತಿರುವುದು ಜೀವಶಾಸ್ತ್ರದವರು ಎರವಲು ತಂದು ತಮ್ಮದು ಮಾಡಿಕೊಂಡ ಅರ್ಥಗಳನ್ನು.)

ಜೀವಶಾಸ್ತ್ರದ ಹೊಮಾಲಜಿಗೆ ಗಟ್ಟಿ ಅರ್ಥ ಕೊಟ್ಟವರು ಇಂಗ್ಲೆಂಡಿನ ರಿಚರ್ಡ್ ಓವೆನ್, 1843ರಲ್ಲಿ. ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ, ನಮ್ಮ ಕೈ, ಇವು ಮೂರರ ರೂಪ ಬೇರೆ, ಕೆಲಸ ಬೇರೆ, ಆದರೆ ಅಂಗ ಅದೇ ಅಂದರು. ಮೂಳೆಗಳನ್ನು ಒಂದೊಂದಾಗಿ ಹೊಂದಿಸಿ ತೋರಿಸಿದರು. ಯಾಕೆ ಅದೇ ಅಂದರೆ, ಎಲ್ಲದರ ಹಿಂದೆಯೂ ಒಂದು ಮೂಲ ಅಚ್ಚು ಇದೆ ಅಂತ ಅವರ ನಂಬಿಕೆ. 1859ರಲ್ಲಿ ಡಾರ್ವಿನ್ನರ ಪುಸ್ತಕ ಬಂತು. ಅಚ್ಚಿನ ಜಾಗಕ್ಕೆ ಅಜ್ಜ ಬಂದ. ಬಾವಲಿಗೂ ತಿಮಿಂಗಿಲಕ್ಕೂ ನಮಗೂ ಹಿಂದೆಂದೋ ಒಬ್ಬ ಅಜ್ಜ ಇದ್ದ, ಆ ಕೈ ಅವನ ಕೈ. ಪದ ಅದೇ ಉಳಿಯಿತು, ಅರ್ಥ ಪೂರಾ ಬದಲಾಯಿತು. ಮೊದಲು ಅದು ಕಣ್ಣಿಗೆ ಕಂಡಿದ್ದರ ಹೆಸರಾಗಿತ್ತು. ಆಮೇಲೆ ಯಾರೂ ನೋಡದ, ಹಿಂದೆ ನಡೆದುಹೋದ ಒಂದು ಸಂಗತಿಯ ಹೆಸರಾಯಿತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಟೊಪಾಲಜಿ ಒಂದೇನಾ ಅಂತ ಕೇಳಿದರೆ ಎರಡೂ ಪ್ರೋಟೀನುಗಳನ್ನು ಎದುರಿಗಿಟ್ಟುಕೊಂಡು, ಎಳೆ ಹಿಡಿದು ಹೋಗಿ, ಹೌದು ಅಥವಾ ಇಲ್ಲ ಅನ್ನಬಹುದು. ಹೊಮಾಲಜಿ ಇದೆಯಾ ಅಂತ ಕೇಳಿದರೆ ಎದುರಿಗಿರುವುದು ಸಾಲದು. ಹಿಂದೆ ಏನಾಗಿತ್ತು ಅಂತ ಹೇಳಬೇಕು. ಸಾಕ್ಷಿ ಬೇಕು.

ಬಸ್ಸಿನಲ್ಲಿ ಪಕ್ಕ ಕೂತವರ ಮುಖ ನಮ್ಮ ಚಿಕ್ಕಪ್ಪನ ಹಾಗೇ ಇದ್ದರೆ ನಾವು ಏನು ಮಾಡುತ್ತೇವೆ? ಸುಮ್ನೆ ಚಿಕ್ಕಪ್ಪ ಅಂತ ಕರೆಯುವುದಿಲ್ಲ. ಯಾವ ಕಡೆಯವರು ಅಂತ ಕೇಳುತ್ತೇವೆ. ಮನೆದೇವರು ಯಾವುದು ಅಂತ ಕೇಳುತ್ತೇವೆ. ಮುಖ ಹೋಲುವುದು ವಿಚಾರಿಸಲು ಒಂದು ಕಾರಣ. ನಂಟು ಗಟ್ಟಿಯಾಗುವುದು ಮನೆದೇವರ ಹೆಸರು ಸರಿಹೋದಾಗ.

ಪ್ರೋಟೀನುಗಳಿಗೂ ಮನೆದೇವರು ಇರುತ್ತಾರೆ. ಅಲಸಂದೆ ಗಿಡ ಗೊತ್ತಲ್ಲ, ಹೂ ಬಿಡುವ ಹೊತ್ತಿಗೆ ಒಂದನ್ನು ಬೇರು ಹರಿಯದ ಹಾಗೆ ಮಣ್ಣಿನ ಸಮೇತ ಕಿತ್ತು ನೋಡಿ. ನೀರಿನಲ್ಲಿ ಅದ್ದಿ ಮಣ್ಣು ಕಳೆದರೆ ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಒಂದು ಗಂಟನ್ನು ಉಗುರಿನಲ್ಲಿ ಸೀಳಿ. ಒಳಗೆ ಗುಲಾಬಿ ಬಣ್ಣ, ಮಾಂಸದ ಹಾಗೆ. ಬೆರಳಿಗೂ ಸ್ವಲ್ಪ ಅಂಟುತ್ತದೆ. ಮೊದಲ ಸಲ ನೋಡಿದಾಗ ನನ್ನ ಮೈ ಜುಂ ಅಂದಿತ್ತು. ಆ ಬಣ್ಣ ಲೆಗ್‌ಹಿಮೊಗ್ಲೋಬಿನ್‌ದು. ನಮ್ಮ ರಕ್ತದ ಹಿಮೊಗ್ಲೋಬಿನ್ನಿನ ಕಡೆಯದ್ದು. ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುವ ಬ್ಯಾಕ್ಟೀರಿಯಾ ಆ ಗಂಟಿನಲ್ಲಿ ವಾಸ ಮಾಡುತ್ತವೆ. ಆ ಕೆಲಸಕ್ಕೆ ಆಮ್ಲಜನಕ ಜಾಸ್ತಿಯಾದರೆ ಕಷ್ಟ, ಇಲ್ಲದೇ ಇದ್ದರೂ ಬ್ಯಾಕ್ಟೀರಿಯಾ ಬದುಕುವುದಿಲ್ಲ. ಎಷ್ಟು ಬೇಕೋ ಅಷ್ಟು ಅಳೆದು ಕೊಡುವುದು ಈ ಪ್ರೋಟೀನಿನ ಕೆಲಸ. ಸೋಯಾ ಬೇರಿನಲ್ಲಿ ಇದನ್ನು 1939ರಲ್ಲೇ ಜಪಾನಿನ ಕುಬೊ ಗುರುತಿಸಿದ್ದರು.

ಕೇಂಬ್ರಿಜ್‌ನಲ್ಲಿ ಜಾನ್ ಕೆಂಡ್ರ್ಯೂ 1958ರಲ್ಲಿ ತಿಮಿಂಗಿಲದ ಸ್ನಾಯುವಿನ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ಹೇಗೆ ಮಡಚಿಕೊಂಡಿದೆ ಅಂತ ತೋರಿಸಿದರು. 1960ರಲ್ಲಿ ಮ್ಯಾಕ್ಸ್ ಪೆರುಟ್ಜ್ ಕುದುರೆಯ ಹಿಮೊಗ್ಲೋಬಿನ್ ತೋರಿಸಿದರು. ಎರಡರಲ್ಲೂ ಎಳೆ ಹೋದ ದಾರಿ ಒಂದೇ. 1962ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆಮೇಲೆ ಗಿಡದ ಲೆಗ್‌ಹಿಮೊಗ್ಲೋಬಿನ್ ಬಿಡಿಸಿ ನೋಡಿದರೆ ಅಲ್ಲೂ ಅದೇ ದಾರಿ. ಮಣಿ ಮಣಿ ಇಟ್ಟು ಹೋಲಿಸಿದರೆ ತಿಮಿಂಗಿಲದ್ದಕ್ಕೂ ಗಿಡದ್ದಕ್ಕೂ ಐದರಲ್ಲಿ ಒಂದು ಮಣಿಯೂ ಸರಿಯಾಗಿ ಹೊಂದುವುದಿಲ್ಲ. ಹೋಲಿಕೆ ಅಷ್ಟು ಸವೆದುಹೋಗಿದೆ. ಆದರೆ ಕಬ್ಬಿಣವನ್ನು ಹಿಡಿದುಕೊಳ್ಳುವ ಹಿಸ್ಟಿಡಿನ್ ಅನ್ನುವ ಮಣಿ ಎರಡರಲ್ಲೂ ಅದೇ ಸುರುಳಿಯ ಅದೇ ಜಾಗದಲ್ಲಿ ಕೂತಿದೆ. ಮೀನು, ಮನುಷ್ಯ, ಹುಳು, ಗಿಡ ಅಂತ ಸಾಲಾಗಿ ಜೋಡಿಸಿದರೆ ಒಂದರಿಂದ ಒಂದಕ್ಕೆ ಮೆಟ್ಟಿಲು ಸಿಗುತ್ತದೆ. ಇದೇ ಮನೆದೇವರು ಸರಿಹೋಗುವುದು. ಇಲ್ಲಿ ಟೊಪಾಲಜಿಯೂ ಒಂದೇ, ಹೊಮಾಲಜಿಯೂ ಇದೆ. ಅಲಸಂದೆ ಬೇರಿನ ಗುಲಾಬಿ ಮತ್ತು ನಮ್ಮ ತುಟಿಯ ಕೆಂಪು ಒಂದೇ ಅಜ್ಜನ ಆಸ್ತಿ.

ಮಣಿಗಳು ಬೇಗ ಬದಲಾಗುತ್ತವೆ, ಮಡಿಕೆ ನಿಧಾನವಾಗಿ. ಅದಕ್ಕೇ ಟೊಪಾಲಜಿ ಎಷ್ಟೋ ಸಲ ಹೊಮಾಲಜಿಗೆ ಒಳ್ಳೆಯ ಸಾಕ್ಷಿಯಾಗುತ್ತದೆ. ಆದರೆ ಸಾಕ್ಷಿ ಬೇರೆ, ತೀರ್ಪು ಬೇರೆ. ಹಲಸಿನ ಬೀಜಕ್ಕೆ ಬಂದರೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ನಮ್ಮದು ತೀರ್ಥಹಳ್ಳಿ ಕಡೆ. ಬೇಸಿಗೆಯಲ್ಲಿ ಹಣ್ಣು ತಿಂದ ಮೇಲೆ ಬೀಜ ಬಿಸಾಡುವವರಲ್ಲ. ಕೆಮ್ಮಣ್ಣು ಕಲಸಿ ಬೀಜಕ್ಕೆ ಮೆತ್ತಿ, ಒಣಗಿಸಿ, ಮಳೆಗಾಲಕ್ಕೆ ಇಡುತ್ತಿದ್ದೆವು. ಆ ಬೀಜದಲ್ಲಿ ಜಕಲಿನ್ ಅನ್ನೋ ಪ್ರೋಟೀನ್ ಇದೆ. ಸಕ್ಕರೆಯ ಜಾತಿಯ ಅಣುಗಳನ್ನು ಹುಡುಕಿ ಹಿಡಿಯುವಂಥದ್ದು. ಇಂಥವಕ್ಕೆ ಲೆಕ್ಟಿನ್ ಅನ್ನುತ್ತಾರೆ. ಜಕಲಿನ್ ಹೇಗೆ ಮಡಚಿಕೊಂಡಿದೆ ಅನ್ನುವುದನ್ನು 1996ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ ಬಿಡಿಸಿತು. ಟಾಟಾ ಇನ್‌ಸ್ಟಿಟ್ಯೂಟ್ ಅಂತ ಹಳೆಯವರು ಕರೆಯುವ ಅದೇ ಜಾಗ. ನಾಲ್ಕು ನಾಲ್ಕು ಎಳೆಯ ಮೂರು ಹಾಳೆ, ಮೂರೂ ಒಂದಕ್ಕೊಂದು ಒರಗಿ ಮೂರು ಮುಖದ ಪಟ್ಟಕದ ಹಾಗೆ ನಿಂತಿವೆ. ಇದಕ್ಕೆ ಬೀಟಾ ಪ್ರಿಸಂ ಅಂತ ಹೆಸರು. ಅದೇ ತಂಡ 2005ರಲ್ಲಿ ಬಾಳೆಹಣ್ಣಿನ ಲೆಕ್ಟಿನ್ ಬಿಡಿಸಿದಾಗ ಅಲ್ಲೂ ಅದೇ ಪ್ರಿಸಂ ಕಂಡಿತು. ಹಲಸಿಗೂ ಬಾಳೆಗೂ ಮಣಿಗಳ ಹೋಲಿಕೆಯೂ ಇದೆ, ಸಕ್ಕರೆ ಹಿಡಿಯುವ ಜಾಗವೂ ಒಂದೇ. ನಂಟು ಗಟ್ಟಿ. ಇವೆರಡರ ನಾಲ್ಕನೇ ಅಂಕಿಯೂ ಒಂದೇ, 30.

ಆದರೆ ಈ ಪ್ರಿಸಂ ಹೊಸತಾಗಿರಲಿಲ್ಲ. ಬಿಟಿ ಬ್ಯಾಕ್ಟೀರಿಯಾದ ವಿಷದ ನಡುಭಾಗದಲ್ಲಿ 1991ರಲ್ಲೇ ಇಂಥದ್ದು ಕಂಡಿತ್ತು. ಮೊಟ್ಟೆಯ ಪೊರೆಯ ಪ್ರೋಟೀನಿನಲ್ಲಿ 1994ರಲ್ಲಿ ಕಂಡಿತ್ತು. ಮರ, ಬ್ಯಾಕ್ಟೀರಿಯಾ, ಕೋಳಿ. ಮೂರರಲ್ಲೂ ಒಂದೇ ಪ್ರಿಸಂ. ಒಂದೇ ಅಜ್ಜ ಅನ್ನಲು ಬಾಯಿ ತುರಿಸುತ್ತದೆ ಅಲ್ವಾ?

ಮನೆದೇವರನ್ನು ಕೇಳಿ ನೋಡಿದರೆ ಉತ್ತರ ಸಿಗುವುದಿಲ್ಲ. ಮಣಿಗಳಲ್ಲಿ ನೆಚ್ಚುವಂಥ ಹೋಲಿಕೆ ಇಲ್ಲ. ಮೊಟ್ಟೆಯ ಪ್ರೋಟೀನಿನಲ್ಲಿ ಒಂದೇ ತುಂಡು ಮೂರು ಸಲ ಮರುಕಳಿಸಿದ ಗುರುತು ಮಣಿಗಳ ಸಾಲಿನಲ್ಲೇ ಇದೆ, ಜಕಲಿನ್ನಿನಲ್ಲಿ ಅದು ಕಾಣುವುದಿಲ್ಲ. ನಡುವಿನ ಮೆಟ್ಟಿಲುಗಳೂ ಸಿಗುವುದಿಲ್ಲ. ಇನ್ನೊಂದು ಸಾಧ್ಯತೆಯೂ ಇದೆ. ಎಳೆಗಳನ್ನು ಭದ್ರವಾಗಿ ಮಡಚಿಡಲು ಇರುವ ಒಳ್ಳೆಯ ದಾರಿಗಳೇ ಕಡಿಮೆ. ಪ್ರೋಟೀನುಗಳ ಕುಟುಂಬಗಳು ಒಟ್ಟು ಸಾವಿರದಷ್ಟೇ ಇರಬಹುದು ಅಂತ ವಿಜ್ಞಾನಿ ಸೈರಸ್ ಚೋಥಿಯಾ 1992ರಲ್ಲಿ ಅಂದಾಜು ಮಾಡಿದ್ದರು. ದಾರಿ ಕಡಿಮೆ ಇದ್ದರೆ ಬೇರೆ ಬೇರೆ ಕಡೆಯಿಂದ ಹೊರಟವರು ಒಂದೇ ದಾರಿಗೆ ಬಂದು ಸೇರುವುದು ಆಶ್ಚರ್ಯ ಅಲ್ಲ. ಹಾಗಾಗಿ ಕೊನೆಯ ಅಂಕಿ 10, 20, 30 ಅಂತ ಬೇರೆ ಇಟ್ಟಿದ್ದಾರೆ. ಇವಕ್ಕೆ ನಂಟಿಲ್ಲ ಅಂತ ಅಲ್ಲ ಅದರ ಅರ್ಥ. ನಂಟಿದೆ ಅನ್ನಲು ಸಾಕ್ಷಿ ಸಾಲದು ಅಂತ. ಆ ಸಂಯಮ ನನಗೆ ತುಂಬ ಇಷ್ಟ. ಅಷ್ಟು ಚಂದದ ಹೋಲಿಕೆ ಕಣ್ಣೆದುರಿಗೇ ಇದ್ದರೂ ಕೈ ಬಿಗಿಹಿಡಿದು, ಗೊತ್ತಿರುವಷ್ಟನ್ನೇ ಬರೆದಿದ್ದಾರೆ.

ಬೆಳ್ಳುಳ್ಳಿಯಲ್ಲೂ ಒಂದು ಲೆಕ್ಟಿನ್ ಇದೆ. ಅಲ್ಲೂ ಮೂರು ಹಾಳೆಯ ಪ್ರಿಸಂ ಇದೆ. ಆದರೆ ಹಾಳೆಗಳು ನಿಂತ ದಿಕ್ಕೇ ಬೇರೆ, ಹಾಗಾಗಿ ಅದರ ವಿಳಾಸ ಎರಡನೇ ಅಂಕಿಯಲ್ಲೇ ಬೇರೆಯಾಗುತ್ತದೆ.

ಇದಕ್ಕೆ ತಿರುಗಾಮುರುಗಾ ಆದದ್ದೂ ಉಂಟು. ನಂಟು ಖಂಡಿತ ಇದೆ, ಎಳೆಯ ಕ್ರಮ ಮಾತ್ರ ಬದಲಾಗಿದೆ. ಜ್ಯಾಕ್ ಬೀನ್ ಅಂತ ಅವರೆಯ ಜಾತಿಯ ಒಂದು ಗಿಡ. ಕತ್ತಿಯ ಹಾಗೆ ಉದ್ದನೆ ಕಾಯಿ. ಅದರ ಬೀಜದ ಕಾನ್‌ಕೆನವಾಲಿನ್ ಎ ಅನ್ನುವ ಲೆಕ್ಟಿನ್ ನಮ್ಮ ಕಡಲೆಕಾಯಿ ಲೆಕ್ಟಿನ್ನಿನ ಹತ್ತಿರದ ಬಂಧು. (ಕಡಲೆಕಾಯಿಯದ್ದನ್ನು ಬಿಡಿಸಿದ್ದೂ ವಿಜಯನ್ ಅವರ ತಂಡವೇ, 1994ರಲ್ಲಿ.) ಎರಡನ್ನೂ ಮೇಲಿಂದ ನೋಡಿದರೆ ಒಂದರ ಮೇಲೆ ಒಂದು ಸರಿಯಾಗಿ ಕೂರುತ್ತವೆ. ಆದರೆ ಬೆರಳಿಟ್ಟು ಎಳೆಯ ಹಿಂದೆ ಹೋದರೆ ಒಂದರ ತಲೆ ಇರುವ ಕಡೆ ಇನ್ನೊಂದರ ನಡು ಇದೆ. ಮೊದಲು ಜೀನಿನಲ್ಲೇ ಹಿಂದುಮುಂದಾಗಿರಬೇಕು ಅಂದುಕೊಂಡಿದ್ದರು. 1985ರಲ್ಲಿ ನಿಜ ಗೊತ್ತಾಯಿತು. ಜೀನ್ ಸರಿಯಾಗಿಯೇ ಇದೆ. ಪ್ರೋಟೀನ್ ತಯಾರಾದ ಮೇಲೆ ಗಿಡವೇ ಅದನ್ನು ನಡುವೆ ಕತ್ತರಿಸಿ, ಹಳೆಯ ಎರಡು ತುದಿಗಳನ್ನು ಸೇರಿಸಿ ಅಂಟಿಸುತ್ತದೆ. ಹಾರದ ಗಂಟು ಬಿಚ್ಚಿ ಬೇರೆ ಕಡೆ ಗಂಟು ಹಾಕಿದ ಹಾಗೆ. ಹೂ ಅವೇ, ದಾರ ಅದೇ, ತುದಿ ಮಾತ್ರ ಬೇರೆ ಕಡೆ. ಹುಟ್ಟಿದ್ದು ಎಲ್ಲಿ ಅನ್ನುವುದನ್ನು ಅದು ಬದಲಿಸಲಿಲ್ಲ.

ಬೇಯಿಸಿದರೂ ಬದಲಾಗುವುದಿಲ್ಲ. ಚೆನ್ನಾಗಿ ಬೆಂದ ಹಲಸಿನ ಬೀಜದಲ್ಲಿ ಜಕಲಿನ್ನಿನ ಪ್ರಿಸಂ ಉಳಿದಿರುವುದಿಲ್ಲ. ಮಡಿಕೆ ಬಿಚ್ಚಿ ಎಳೆ ಹೇಗೆ ಬೇಕೋ ಹಾಗೆ ಬಿದ್ದಿರುತ್ತದೆ. ಮಣಿಗಳ ಸಾಲು ಮಾತ್ರ ಹಾಗೇ ಇರುತ್ತದೆ. ಸಾರಿನಲ್ಲಿ ಬೀಜ ಅಗಿಯುವಾಗ ಎಷ್ಟೋ ಸಲ ಇದು ನೆನಪಾಗಿ ಒಂದು ಕ್ಷಣ ನಿಲ್ಲುತ್ತೇನೆ.

ಆಕಾರ ಬಿಡಿಸುವುದು ಈಗ ಮೊದಲಿನಷ್ಟು ಕಷ್ಟ ಅಲ್ಲ. ಕೆಂಡ್ರ್ಯೂ ಅವರಿಗೆ ಒಂದು ಪ್ರೋಟೀನಿಗೆ ವರ್ಷಗಟ್ಟಲೆ ಬೇಕಾಯಿತು. ಆಲ್ಫಾಫೋಲ್ಡ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ 2022ರ ಹೊತ್ತಿಗೆ 20 ಕೋಟಿಗೂ ಜಾಸ್ತಿ ಪ್ರೋಟೀನುಗಳ ಮಡಿಕೆಯನ್ನು ಊಹಿಸಿ ಎಲ್ಲರ ಮುಂದೆ ಇಟ್ಟಿತು. ಒಂದೇ ಥರ ಮಡಚಿಕೊಂಡವು ಯಾವುವು ಅಂತ ಈಗ ಕೂತಲ್ಲೇ ಹುಡುಕಬಹುದು. ಹುಡುಕಿದಷ್ಟೂ ಹೋಲಿಕೆ ಸಿಗುತ್ತವೆ. ಹಾಗೆ ಸಿಕ್ಕಿದ್ದನ್ನೆಲ್ಲ ನಂಟು ಅಂತ ಬರೆದುಬಿಡುವ ಆತುರವೂ ಜಾಸ್ತಿಯಾಗಿದೆ. ಹೀಗೆ ಬರೆದದ್ದರ ಮೇಲೆ ಇನ್ನೊಬ್ಬರು ಇದರ ಕೆಲಸವೂ ಅದೇ ಇರಬೇಕು ಅಂತ ಬರೆಯುತ್ತಾರೆ. ಅದರ ಮೇಲೆ ಮತ್ತೊಬ್ಬರು ಪ್ರಯೋಗ ಹೂಡುತ್ತಾರೆ. ಒಂದು ಪದ ಜಾರಿದ್ದಕ್ಕೆ ಯಾರದೋ ಎರಡು ವರ್ಷ ಹೋಗುತ್ತದೆ. ಮೇಡಂ ಅವತ್ತು ನನ್ನನ್ನು ಯಾಕೆ ತಡೆದರು ಅಂತ ಈಗ ಅರ್ಥವಾಗುತ್ತದೆ.

ಹಾಗಾದರೆ ನಂಟಿಗೆ ಒಳ್ಳೆಯ ಸಾಕ್ಷಿ ಯಾವುದು? ನನ್ನ ಕೇಳಿದರೆ, ಒಂದೇ ತಪ್ಪು. ಸರಿಯಾದ ಉತ್ತರವನ್ನು ಇಬ್ಬರು ಬೇರೆ ಬೇರೆಯಾಗಿ ಬರೆಯಬಹುದು. ಒಂದೇ ತಪ್ಪನ್ನು ಒಂದೇ ಜಾಗದಲ್ಲಿ ಇಬ್ಬರೂ ಬರೆದರೆ ನಕಲು ನಡೆದಿದೆ ಅಂತ ಮೇಷ್ಟ್ರಿಗೆ ಗೊತ್ತಾಗುತ್ತದೆ. ಓಲೆಗರಿಯ ಪ್ರತಿಗಳನ್ನು ಇಟ್ಟುಕೊಂಡು ಗ್ರಂಥ ಸಂಪಾದನೆ ಮಾಡುವವರೂ ಇದನ್ನೇ ನೋಡುತ್ತಾರೆ. ಯಾವ ಪ್ರತಿಗಳಲ್ಲಿ ಒಂದೇ ಕಡೆ ಒಂದೇ ಸಾಲು ಬಿಟ್ಟುಹೋಗಿದೆ, ಅವೆಲ್ಲ ಒಂದೇ ತಾಯಿಪ್ರತಿಯ ಮಕ್ಕಳು. ನಮ್ಮ ಮೈಯಲ್ಲಿ ವಿಟಮಿನ್ ಸಿ ಮಾಡಲು ಬೇಕಾದ ಒಂದು ಜೀನ್ ಮುರಿದುಬಿದ್ದಿದೆ. ಚಿಂಪಾಂಜಿಯಲ್ಲೂ ಅದು ಮುರಿದಿದೆ, ಮುರಿದ ಗುರುತುಗಳೂ ಹೊಂದುತ್ತವೆ. ಗಿನಿ ಹಂದಿಯಲ್ಲೂ ಅದೇ ಜೀನ್ ಕೆಟ್ಟಿದೆ. ಆದರೆ ಅಲ್ಲಿ ಅದು ಬೇರೆ ಥರ, ತಾನಾಗಿ ಕೆಟ್ಟಿದ್ದು.

ಇದನ್ನು ಓದಿದ ದಿನದಿಂದ ಒಂದು ವಿಷಯ ತಲೆಯಲ್ಲಿತ್ತು. ಅಮ್ಮನ ರಂಗೋಲಿ ಪುಸ್ತಕದಲ್ಲಿ 11 ಚುಕ್ಕಿಯ ಒಂದು ಎಳೆ ರಂಗೋಲಿ ಇದೆ. ಹಳೆಯ ಲೆಕ್ಕದ ಪುಸ್ತಕ, ನೀಲಿ ಶಾಯಿ. ಅದರಲ್ಲಿ ಎಡಗಡೆ ಮೂಲೆಯಲ್ಲಿ ಎಳೆ ಒಂದು ಚುಕ್ಕಿಯನ್ನು ಸುತ್ತದೆ ಹಾಗೇ ದಾಟಿಹೋಗುತ್ತದೆ. ಬಲಗಡೆ ಸುತ್ತುತ್ತದೆ, ಎಡಗಡೆ ಇಲ್ಲ. ತಪ್ಪು ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಅಮ್ಮ ವರ್ಷಗಳಿಂದ ಅದನ್ನು ಹಾಗೇ ಹಾಕುತ್ತಾರೆ. ಕಳೆದ ದೀಪಾವಳಿಗೆ ಹಾಸನದಲ್ಲಿ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಬಾಗಿಲಲ್ಲಿ ಅದೇ ರಂಗೋಲಿ. ಎಡಗಡೆ ಮೂಲೆಯ ಅದೇ ಚುಕ್ಕಿ ಬರಿದಾಗಿ ನಿಂತಿತ್ತು.

ಅಜ್ಜಿ ಹೇಳಿಕೊಟ್ಟಿದ್ದೇ ಇರಬೇಕು ಅಂತ ಖುಷಿಯಾಯಿತು. ನಾನು ನೋಡದ ಅಜ್ಜಿಯ ಕೈ ಅಲ್ಲಿ ಕಂಡ ಹಾಗಾಯಿತು. ಊರಿಗೆ ವಾಪಸ್ ಬಂದ ಮೇಲೂ ಮನಸ್ಸು ತಡೆಯದೆ ದೊಡ್ಡಮ್ಮನಿಗೆ ಫೋನ್ ಮಾಡಿ ಕೇಳಿದೆ.

"ಅಯ್ಯೋ, ನಿಮ್ಮಜ್ಜಿಗೆ ರಂಗೋಲಿ ಎಲ್ಲಿ ಬರ್ತಿತ್ತು ಮಗಾ. ಎರಡು ಗೆರೆ ಎಳೆದು ಒಳಗೆ ಹೋಗೋರು" ಅಂದರು. "ಶಿವಮೊಗ್ಗದಲ್ಲಿ ವಠಾರದ ಮನೇಲಿದ್ವಲ್ಲ, ಆಗ ಎದುರು ಮನೆಗೆ ಒಬ್ಬರು ಟೀಚರು ಬಾಡಿಗೆಗೆ ಬಂದಿದ್ರು. ಸಾಯಂಕಾಲ ಆದ್ರೆ ನಾನು ನಿಮ್ಮಮ್ಮ ಇಬ್ಬರೂ ಅವರ ಜಗಲಿ ಮೇಲೇ ಇರ್ತಿದ್ವಿ. ಅವರ ಪುಸ್ತಕ ನೋಡಿ ಬರ್ಕೊಂಡಿದ್ದು ಅದು. ಎರಡು ವರ್ಷ ಇದ್ರು, ಆಮೇಲೆ ವರ್ಗ ಆಯ್ತು."

"ಅವರು ಯಾವ ಊರಿನವರು ದೊಡ್ಡಮ್ಮ?"

"ಧಾರವಾಡದ ಕಡೆ ಅಂತ ನೆನಪು. ಯಾಕೆ ಮಗಾ?"